ಬ್ಯಾಟರಿ ದೊಡ್ಡದು ಹಾಕಿಸಿದೆ, ಆದ್ರ ಲೈಟ್ ಕಿತ್ತಿದೆ

ತೊಗರಿ ರಾಶಿ ಮುಗೀತು. ಚೀಲ ಮನಿ ಸೇರಿದವು. ಈ ಬರಹ ತೊಗರಿ ಬಗ್ಗೆ ಅಲ್ಲ, ಕಾರಿನ ಬ್ಯಾಟರಿ ಬಗ್ಗೆ. ಆದ್ರ ತೊಗರಿ ಇಲ್ಲದೆ ಇದು ಶುರು ಆಗೂದಿಲ್ಲ.

ನಮ್ದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಒಳಗ ಇದ್ದದ್ದು 35 ಎಎಚ್ ಬ್ಯಾಟರಿ, ನಾಕು ವರ್ಷ ಹಳೇದು. ಕೊಯ್ದ ತೊಗರಿ ಬಣಮಿ ಒಟ್ಟಿ ಮಶೀನಿಗೆ ಕಾಯೋ ದಿನ. ನಮ್ಮ ಹೊಲದಾಗ ಕರೆಂಟ್ ಇಲ್ಲ. ಹೋದ ವರ್ಷ ಮಗ ಎರಡು ಎಲ್ಇಡಿ ಲೈಟ್ ತಂದು ಕಾರಿನ ಬ್ಯಾಟರಿಗೆ ವೈರ್ ಕೊಟ್ಟಿದ್ದ. ಒಂದೊಂದು 20 ವ್ಯಾಟ್. ಬಣಮಿ ಸುತ್ತ ಹಗಲಿನಂಗ ಬೆಳಕು. ನಂಗೂ ಚಲೋ ಅನ್ಸಿತ್ತು. ಹಂದಿ ಬಂದ್ರ ಕಾಣ್ತದ, ಮಂದಿ ಬಂದ್ರೂ ಕಾಣ್ತದ.

ಈ ವರ್ಷ ಎರಡನೇ ರಾತ್ರಿ. ಒಂದು ಗಂಟಿ ಆಗಿರಬೇಕು, ಮನಿಯಿಂದ ಫೋನ್. ಅವ್ವಗ ದಮ್ಮು ಹತ್ಯಾದ, ಉಸಿರು ಸಿಗವಲ್ದು, ಗಾಡಿ ತಗೊಂಡು ಬಾ. 108ಕ್ಕ ಫೋನ್ ಹಚ್ಚಲೇನು ಅಂತ ಮನೆಯಾಕೆ ಕೇಳಿದಳು. ಅದು ಬರೋತನಕ ಯಾಕ, ಗಾಡಿ ನನ್ ಕೈಯಾಗೇ ಅದಲ್ಲ, ಹತ್ತು ನಿಮಿಷದಾಗ ಬಂದೆ ಅಂದೆ. ಕೀಲಿ ತಿರುವಿದೆ. ಟಕ್, ಟಕ್, ಟಕ್. ಅಷ್ಟೇ.

ತಮ್ಮಗ ಕರದೆ, ಟ್ರ್ಯಾಕ್ಟರ್ ತಂದ. ಟ್ರ್ಯಾಕ್ಟರ್ ಬ್ಯಾಟರಿನೂ 12 ವೋಲ್ಟೇ, ಕೂಡಿಸಿದ್ರ ಕಾರು ಚಾಲೂ ಆಗ್ತದ. ಆದ್ರ ದಪ್ಪ ಜಂಪರ್ ವೈರ್ ಯಾರ ಹತ್ರ ಇತ್ತು? ನೀರಿನ ಮೋಟರಿನ ವೈರ್ ತುಂಡು ಹಚ್ಚಿದ್ವಿ. ಸೆಲ್ಫ್ ಹೊಡದಾಗ ಸ್ಟಾರ್ಟರ್ ನೂರು ಆಂಪಿಯರಿಗಿಂತ ಹೆಚ್ಚು ಎಳೀತದ, ಆ ಸಣ್ಣ ವೈರ್ ಏನು ತಡೀತದ? ಕೈಯಾಗ ಹಿಡಿಲಾರದಂಗ ಕಾದು ಮ್ಯಾಲಿನ ಪ್ಲಾಸ್ಟಿಕ್ ಕರಗಿತು, ವಾಸನಿ ಬಂತು, ಕಿತ್ತು ಒಗದ್ವಿ. ದಬ್ಬಿ ಚಾಲೂ ಮಾಡಾಮಂದ್ರ ಕರಿ ನೆಲ, ಗಾಲಿ ಉಳ್ಳಾಂಗಿಲ್ಲ. ಕಡೀಕ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ರೋಡಿನ ತನಕ ಎಳದು, ಅಲ್ಲಿ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಎಂಜಿನ್ ಹಿಡೀತು. ಸ್ವಲ್ಪ ಜೀವ ಉಳದಿತ್ತಂತ ಹಿಡೀತು. ಪೂರಾ ಖಾಲಿ ಆಗಿದ್ರ ಇಂಜೆಕ್ಷನ್ ಗಾಡಿ ಎಷ್ಟು ಎಳದ್ರೂ ಏಳೂದಿಲ್ಲ, ಪೆಟ್ರೋಲ್ ಪಂಪಿಗೇ ಕರೆಂಟ್ ಬೇಕು.

ಹತ್ತು ನಿಮಿಷದ ಕೆಲಸಕ್ಕ ಒಂದು ತಾಸಿನ ಮ್ಯಾಲೆ ಹಿಡೀತು. ಕಲಬುರಗಿ ತಲುಪೋತನಕ ಹಿಂದಿನ ಸೀಟಿನಾಗ ಅವ್ವನ ಉಸಿರಿನ ಸಪ್ಪಳ ಕೇಳ್ಕೋತ ಗಾಡಿ ಹೊಡದೆ. ಅದನ್ನ ಬರಿಲಿಕ್ಕ ಆಗೂದಿಲ್ಲ ಬಿಡ್ರಿ. ನಾಕು ದಿನ ಇಟ್ಕೊಂಡ್ರು. ಈಗ ಆರಾಮ ಅದಾಳ. ಮನಿಗೆ ಬಂದ ಮ್ಯಾಲೆ ಒಂದೇ ಮಾತು ಅಂದಳು: "ತೊಗರಿಗಿ ಅಷ್ಟು ಬೆಳಕು ಯಾತಕ್ಕಪಾ?"

ಮರುವಾರ ಸೇಡಂಗೆ ಹೋಗಿ ದೊಡ್ಡ ಬ್ಯಾಟರಿ ಹಾಕು ಅಂದೆ. ತಲಿಯಾಗ 65 ಎಎಚ್ ಇತ್ತು. ಅಂಗಡಿ ಹುಡುಗ ಟೇಪ್ ಹಿಡದು ಅಳದ. "ಕಾಕಾ, 65 ಈ ತಟ್ಟಿಯಾಗ ಕೂಡೂದಿಲ್ಲ. ಅದರ ಟರ್ಮಿನಲ್ಲೂ ದಪ್ಪ, ನಿಮ್ಮ ವೈರಿನ ಕ್ಲಿಪ್ ಹಿಡಿಯೂದಿಲ್ಲ. 45 ಕೂಡ್ತದ." ಹಳೇ ಬ್ಯಾಟರಿ ಮ್ಯಾಲೆ 38ಬಿ20ಎಲ್ ಅಂತ ಇತ್ತು, ಹೊಸದರ ಮ್ಯಾಲೆ 46ಬಿ24ಎಲ್. ಇದು ಜಪಾನಿನವರ ಲೆಕ್ಕ. ಮೊದಲಿನ ಅಂಕಿ ತಾಕತ್ತಿಂದು, ಬಿ ಅನ್ನೋದು ಅಗಲ ಎತ್ತರದ್ದು, 20 ಮತ್ತ 24 ಅಂದ್ರ ಉದ್ದ, ಸೆಂಟಿಮೀಟರಿನಾಗ. ಕಡೀ ಅಕ್ಷರ ಪ್ಲಸ್ ಯಾವ ಕಡೆ ಅದ ಅಂತ ಹೇಳ್ತದ. ಎಲ್ ಇದ್ದಲ್ಲಿ ಆರ್ ತಂದ್ರ ವೈರ್ ಮುಟ್ಟೂದಿಲ್ಲ, ಎಳದು ಉಲ್ಟಾ ಹಚ್ಚಿದ್ರಂತೂ ಗಾಡಿಯ ಕರೆಂಟಿನ ಸಾಮಾನೆಲ್ಲ ಸುಡ್ತದ. ಅಗಲ ಎರಡಕ್ಕೂ ಒಂದೇ, ಉದ್ದ ನಾಕು ಬಟ್ಟಿನಷ್ಟೂ ಹೆಚ್ಚಿಲ್ಲ. ಹಿಡಿಯೋ ಪಟ್ಟಿ ಮಾತ್ರ ಬದಲಿಸಿದ. ಪಟ್ಟಿ ಸಡ್ಲ ಬಿಡಬ್ಯಾಡ್ರಿ. ನಮ್ಮ ರೋಡಿನಾಗ ಬ್ಯಾಟರಿ ಕುಣದು ಪ್ಲಸ್ ಹೋಗಿ ತಗಡಿಗೆ ತಾಗಿದ್ರ ಅಲ್ಲೇ ಬೆಂಕಿ.

ದೊಡ್ಡದು ಹಾಕಿದ್ರ ಡೈನಮೋ ಸುಡ್ತದ ಅಂತ ಊರಾಗ ಹೇಳೋರು ಭಾಳ ಮಂದಿ. ಹಂಗೇನಿಲ್ಲ. ವೋಲ್ಟ್ ಅದೇ 12. ಸ್ಟಾರ್ಟರ್ ತನಗ ಬೇಕಾದಷ್ಟೇ ಎಳೀತದ. ಖಾಲಿ ಆದದ್ದು ತುಂಬಲಿಕ್ಕ ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ.

ಹಳೇ ಬ್ಯಾಟರಿ ಅಲ್ಲೇ ಕೊಟ್ಟೆ, ಅದರ ದುಡ್ಡು ಮುರಕೊಂಡ್ರು. ಮನ್ಯಾಗ ಇಟ್ಕೊಂಡು ಒಡೀಬ್ಯಾಡ್ರಿ, ಒಳಗ ಸೀಸ ಮತ್ತ ಆಸಿಡ್ ಅದ.

ಮನಿಗೆ ಬಂದು ರಾತ್ರಿ ಲೆಕ್ಕ ಹಾಕ್ಲಿಕ್ಕ ಕೂತೆ. ಎಸ್ಸೆಸ್ಸೆಲ್ಸಿ ಲೆಕ್ಕನೇ ಸಾಕು ಇದಕ್ಕ. ಎರಡು ಲೈಟ್ 40 ವ್ಯಾಟ್, 12ರಿಂದ ಭಾಗಿಸಿದ್ರ 3.3 ಆಂಪಿಯರ್. ಸಂಜಿ ಏಳರಿಂದ ಒಂದು ಗಂಟಿ ತನಕ ಆರು ತಾಸು, ಅಂದ್ರ 20 ಎಎಚ್ ಖಾಲಿ. ಹಳೇ ಬ್ಯಾಟರಿಯಾಗ 35 ಎಲ್ಲಿ ಉಳದಿತ್ತು? ನಮ್ಮ ಬಿಸಲಿಗೆ ಬ್ಯಾಟರಿ ಮೇ ತಿಂಗಳದಾಗ ಸಾಯಲಿಕ್ಕ ಶುರು ಆಗ್ತದ, ನಮಗ ಗೊತ್ತಾಗೋದು ಚಳಿಯಾಗ. ಮ್ಯಾಲೆ ಹಿಂದಿನ ರಾತ್ರಿದೂ ತುಂಬಿರಲಿಲ್ಲ, ಹಗಲೊತ್ತು ಕಾಳಗಿಗೆ ಹೋಗಿ ಬಂದದ್ದು ಬಿಟ್ರ ಗಾಡಿ ಓಡಿರಲಿಲ್ಲ. ಈಗ ಹೊಸದಾಗ 10 ಎಎಚ್ ಹೆಚ್ಚು ಅದ. 10ಕ್ಕ 3.3 ಅಂದ್ರ ಮೂರು ತಾಸು. ಅಷ್ಟು ರೊಕ್ಕ ಕೊಟ್ಟು ನಾ ತಂದದ್ದು ಮೂರು ತಾಸು! ಫೋನ್ ಒಂದು ಗಂಟಿಗೆ ಬಾರದೆ ನಾಕು ಗಂಟಿಗೆ ಬಂದಿದ್ರ ಮತ್ತ ಅದೇ ಟಕ್ ಟಕ್.

ಇನ್ನೊಂದು ಮಾತು. ಕಾರಿನ ಬ್ಯಾಟರಿ ಒಳಗಿನ ಪ್ಲೇಟ್ ತೆಳು, ಒಂದೇ ಸಲ ಜೋರಾಗಿ ಕೊಡಲಿಕ್ಕ ಮಾಡಿದ್ದು. ಮೆಲ್ಲಕ ರಾತ್ರಿಯೆಲ್ಲ ಹಿಂಡಿ ಖಾಲಿ ಮಾಡಿದ್ರ ಭಾಳ ದಿನ ಬಾಳೂದಿಲ್ಲ. ಆ ಕೆಲಸಕ್ಕ ಮನಿ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಬ್ಯಾರೆ. 35 ಇರ್ಲಿ, 45 ಇರ್ಲಿ, ಲೈಟಿಗೆ ಕಟ್ಟಿದ್ರ ಎರಡೂ ಅದೇ ದಾರಿ.

ಬ್ಯಾಟರಿ ಬದಲಿಸಿದ್ದು ತಪ್ಪಲ್ಲ, ಹಳೇದು ಹೋಗೇ ಹೋಗಿತ್ತು. ಆದ್ರ ಲೈಟಿನ ವೈರ್ ಕಿತ್ತಿದ ಮ್ಯಾಲೇನೇ ನಂಗ ಸಮಾಧಾನ ಆಯ್ತು.

ಲೈಟಿಗೆ ಏನು ಮಾಡಿದಿ ಅಂತೀರಿ? ಔಷಧ ಹೊಡಿಯೋ ಬೆನ್ನಿನ ಪಂಪ್ ಅದಲ್ಲ, ಅದರಾಗ 12 ವೋಲ್ಟ್ 12 ಎಎಚ್ ಬ್ಯಾಟರಿ. ಕಾಯಿಕೊರಕಕ್ಕ ಔಷಧ ಹೊಡದು ಮುಗದ ಮ್ಯಾಲೆ ರಾಶಿ ತನಕ ಅದು ಮೂಲ್ಯಾಗ ಸುಮ್ನೆ ಕೂತಿರ್ತದ. ನನ್ನ ಕಣ್ಣ ಮುಂದೇ ಇತ್ತು. 20 ವ್ಯಾಟಿನ ಎರಡು ತೆಗದು 10 ವ್ಯಾಟಿನ ಒಂದು ಹಾಕಿದೆ. ಒಂದು ಆಂಪಿಯರ್‌ಗಿಂತ ಕಮ್ಮಿ. ಏಳರಿಂದ ಬೆಳಗಿನ ನಾಕರ ತನಕ ಉರೀತು, ಮಂದ ಆಗಲಿಲ್ಲ. ಮುಂಜಾನಿ ಮನ್ಯಾಗ ಚಾರ್ಜಿಗೆ ಹಾಕೋದು.

ಕಲಬುರಗಿ ಸೂಪರ್ ಮಾರ್ಕೆಟ್‌ನಾಗ ಒಂದು ಸಣ್ಣ ಮೀಟರ್ ತಗೊಂಡೆ, ಜೊತಿಗಿ ದಪ್ಪ ಜಂಪರ್ ವೈರ್. ಮುಂಜಾನಿ ಕಾರು ಚಾಲೂ ಮಾಡೂಕಿಂತ ಮೊದಲು ಬ್ಯಾಟರಿಗೆ ಹಿಡೀತೀನಿ. 12.6 ಇದ್ರ ತುಂಬೇದ, 12.2 ಅಂದ್ರ ಅರ್ಧ. ಚಾಲೂ ಆದ ಮ್ಯಾಲೆ 14ರ ಆಸುಪಾಸು ತೋರಿಸಿದ್ರ ಡೈನಮೋ ಚಾರ್ಜ್ ಮಾಡ್ಲಿಕತ್ಯದ ಅಂತ.

ನಿನ್ನಿ ಅವ್ವ ಅಂಗಳದಾಗ ಕೂತು ನೋಡ್ಲಿಕತ್ತಿದ್ದಳು. "ಅದಕ್ಕೂ ಜ್ವರಾ ನೋಡ್ತಿ ಏನೋ?" ಅಂದಳು. 12.6 ಅದ ಅಂದೆ. "ನಂದೂ ನೋಡು" ಅಂತ ಕೈ ಮುಂದ ಮಾಡಿದಳು.