ಕಾದಂಬರಿಯ ಹೆಸರು ತೊಟ್ಟ ಊರು

ಫ್ರಾನ್ಸ್ ದೇಶದಲ್ಲಿ ಲ್ವಾರ್ ಎಂಬ ನದಿಗಳು ಎರಡುಂಟು. ಉಚ್ಚಾರದಲ್ಲಿ ಭೇದವಿಲ್ಲ, ಬರೆಯುವಾಗ ಮಾತ್ರ ಕೊನೆಯ ಒಂದಕ್ಷರದ ವ್ಯತ್ಯಾಸ. ದಡದುದ್ದಕ್ಕೂ ಅರಮನೆಗಳನ್ನು ಮೆರೆಸುವ ಮಹಾನದಿ ಆ ಭಾಷೆಯಲ್ಲಿ ಸ್ತ್ರೀಲಿಂಗ. ಹೊಲಗದ್ದೆಗಳ ನಡುವೆ ಸದ್ದಿಲ್ಲದೆ ಹರಿಯುವ ಚಿಕ್ಕದು ಪುಲ್ಲಿಂಗ. ಈ ಕಿರಿಯ ಲ್ವಾರ್ ನದಿಯ ದಡದಲ್ಲಿದೆ ಇಲ್ಯೇ-ಕೊಂಬ್ರೇ ಎಂಬ ಪುಟ್ಟ ಊರು.

ಭವ್ಯ ದೇವಾಲಯಕ್ಕೆ ಹೆಸರಾದ ಶಾರ್ತ್ರ್ ನಗರದಿಂದ ನೈಋತ್ಯಕ್ಕೆ ಸುಮಾರು 25 ಕಿಲೋಮೀಟರು ದೂರ. ಫ್ರಾನ್ಸಿನ ಗೋಧಿಯ ಕಣಜವೆನಿಸಿದ ಬೋಸ್ ಬಯಲು ಮುಗಿಯುವ ಎಡೆ ಅದು. ಜನಸಂಖ್ಯೆ ಮೂರು ಸಾವಿರಕ್ಕೆ ತುಸು ಮೇಲು. ಊರಿನ ಹಳೆಯ ಹೆಸರು ಇಲ್ಯೇ ಎಂದಷ್ಟೇ. ಉಳಿದರ್ಧ ಒಂದು ಕಾದಂಬರಿಯಿಂದ ಬಂದದ್ದು.

1834ರಲ್ಲಿ ಇಲ್ಲಿಯ ದಿನಸಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಆದ್ರಿಯಾಂ ಪ್ರೂಸ್ತ್ ಹುಟ್ಟಿದರು. ಪ್ಯಾರಿಸ್ಸಿನಲ್ಲಿ ಹೆಸರಾಂತ ವೈದ್ಯರಾದ ಅವರು ಕಾಲರಾ ಹರಡುವ ದಾರಿಯನ್ನರಿಯಲು 1869ರಲ್ಲಿ ಪರ್ಷಿಯದವರೆಗೆ ಪಯಣ ಬೆಳೆಸಿದರು. ಅವರ ಮಗ ಮಾರ್ಸೆಲ್ ಬಾಲ್ಯದ ರಜೆಗಳನ್ನು ಈ ಊರಿನ ಅತ್ತೆಯ ಮನೆಯಲ್ಲಿ ಕಳೆದವನು. ಒಂಬತ್ತನೆಯ ವಯಸ್ಸಿಗೇ ಉಬ್ಬಸಕ್ಕೆ ತುತ್ತಾದ ಆ ಹುಡುಗನು ಮುಂದೆ ನೆನಪಿನಿಂದಲೇ ಇಲ್ಯೇಯನ್ನು ಕೊಂಬ್ರೇಯನ್ನಾಗಿಸಿದನು. ಲ್ವಾರ್ ನದಿಯನ್ನು ವಿವೊನ್ ಎಂದು ಕರೆದನು. ಆ ಬೃಹತ್ ಕಾದಂಬರಿಯ ಮೊದಲ ಸಂಪುಟ 1913ರಲ್ಲಿ ಹೊರಬಂದಿತು. 1971ರಲ್ಲಿ, ಅವನ ಜನ್ಮಶತಾಬ್ದಿಯಂದು, ಊರು ತನ್ನ ಹೆಸರಿಗೆ ಕೊಂಬ್ರೇಯನ್ನು ಸೇರಿಸಿಕೊಂಡಿತು. ತಂದೆ ಪ್ರಾಣಗಳನ್ನುಳಿಸಲು ದೇಶಾಂತರ ತಿರುಗಿದರು. ಊರ ಹೆಸರಿನಲ್ಲಿ ನಿಂತದ್ದು ಮಗನ ಕಲ್ಪನೆ!

ಇಂದು ಅತ್ತೆಯ ಮನೆ ವಸ್ತುಸಂಗ್ರಹಾಲಯ. ಬಂದವರೆಲ್ಲ ಚಹದಲ್ಲಿ ಅದ್ದಿ ತಿನ್ನುವ 'ಮದ್ಲೇನ್' ಎಂಬ ಸಿಹಿತಿನಿಸನ್ನು ಅರಸುತ್ತಾರೆ. ಕಥಾನಾಯಕನಿಗೆ ಬಾಲ್ಯವನ್ನು ಮರಳಿಸಿದ್ದು ಅದರ ರುಚಿಯಲ್ಲವೆ? ಆದರೆ ಲೇಖಕನ ಮೊದಲ ಕರಡುಗಳಲ್ಲಿದ್ದುದು ಬರಿಯ ಸುಟ್ಟ ರೊಟ್ಟಿಯ ಚೂರು. ಮದ್ಲೇನಿನ ಆಕಾರ ಚಿಪ್ಪಿನದು. ಚಿಪ್ಪು ಸಂತ ಜಾಕ್‌ನ ಯಾತ್ರಿಕರ ಲಾಂಛನ. ಊರಿನ ಪುರಾತನ ಇಗರ್ಜಿಯೂ ಆ ಸಂತನದೇ.

ಕಾದಂಬರಿಯ ಕೊನೆಯ ಭಾಗದಲ್ಲಿ ಕೊಂಬ್ರೇ ಮೊದಲ ಮಹಾಯುದ್ಧದ ರಣರಂಗವಾಗಿ, ಅದರ ಇಗರ್ಜಿ ನೆಲಸಮವಾಗುತ್ತದೆ. ರಣರಂಗದಿಂದ ದೂರವಿದ್ದ ನಿಜವಾದ ಇಗರ್ಜಿಯಾದರೋ ಈಗಲೂ ತಲೆಯೆತ್ತಿ ನಿಂತಿದೆ. ಪುಸ್ತಕ ಕೆಡವಿದ್ದನ್ನು ಊರು ಉಳಿಸಿಕೊಂಡಿದೆ.

ಕೊಂಬ್ರೇಯನ್ನು ಹುಡುಕಿ ಬಂದವರಿಗೆ ಇಲ್ಲಿಯ ಹೊಳೆ ಕಿರಿದೆನಿಸುವುದು, ಬೀದಿಗಳು ಸಪ್ಪೆಯೆನಿಸುವುವು. ಅಂಥವರು ಕೆಲವೇ ಮೈಲಿ ದೂರದ ಸೇಂತ್ ಎಮಾಂ ಗ್ರಾಮಕ್ಕೆ ಹೋಗಿ ಬರಬೇಕು. ಲ್ವಾರ್ ನದಿಯ ಉಗಮವೆಂದು ಪ್ರಸಿದ್ಧವಾದ ಸ್ಥಳವದು. ಕಾದಂಬರಿಯ ಬಾಲಕನು ಅಪಾರವೆಂದು ಭಾವಿಸಿದ್ದ ನದೀಮೂಲವು, ದೊಡ್ಡವನಾಗಿ ನೋಡಿದಾಗ, ಗುಳ್ಳೆಗಳೇಳುವ ಒಂದು ಬಟ್ಟೆಯೊಗೆಯುವ ಕೊಳ ಮಾತ್ರವಾಗಿ ಕಂಡಿತಂತೆ. ಅಲ್ಲಿಂದ ಹೊರಟ ನೀರೇ ಸುಮಾರು 320 ಕಿಲೋಮೀಟರು ಹರಿದು ಸಾರ್ತ್ ನದಿಯನ್ನು ಕೂಡುತ್ತದೆ. ಕೊನೆಗೆ ತನ್ನ ಹೆಸರಿನದೇ ಆದ ಆ ಮಹಾನದಿಯನ್ನು ಸೇರುತ್ತದೆ.