ತೊಡೆಯ ಗುಳಿಗೂ ಒಂದು ಕ್ರೀಮು

"ಅಕ್ಕಾ, ತೊಡೆ ಮೇಲಿನ ಗುಳಿ ಈ ಕ್ರೀಮಿಗೆ ಹೋಗ್ತಾವಾ?" ನಮ್ಮ ಸೆಕ್ಷನ್ನಿನ ಹುಡುಗಿ ಊಟದ ಬಿಡುವಲ್ಲಿ ಮೊಬೈಲ್ ತೋರಿಸಿ ಕೇಳಿದ್ಲು. ಬೆಲೆ ಎರಡು ಸಾವಿರದ ಮೇಲೆ. ಅವಳು ಹೊರಗುತ್ತಿಗೆ, ಎರಡು ತಿಂಗಳಿಂದ ಸಂಬಳ ಆಗಿಲ್ಲ.

ಹೋಗಲ್ಲ ಕಣೇ ಅಂದೆ. ಸೆಲ್ಯುಲೈಟ್ ಕಾಯಿಲೆಯಲ್ಲ. ಚರ್ಮವನ್ನು ಒಳಗಿಂದ ಎಳೆದು ಹಿಡಿದ ನಾರುಗಳ ನಡುವೆ ಕೊಬ್ಬು ಉಬ್ಬುತ್ತೆ, ಹೊಲಿಗೆ ಹಾಕಿದ ಕೌದಿ ಥರ. ಮೈನೆರೆದ ಹೆಂಗಸರಲ್ಲಿ ನೂರಕ್ಕೆ 80-90 ಮಂದಿಗೆ ಇರುತ್ತೆ, ತೆಳ್ಳಗಿರೋರಿಗೂ. ಕೆಫೀನ್, ರೆಟಿನಾಲ್ ಕ್ರೀಮು ಹಚ್ಚಿದ್ರೆ ಒಂದಿಷ್ಟು ಮಸುಕಾಗಬಹುದು, ಬಿಟ್ರೆ ಮತ್ತೆ ಅಷ್ಟೇ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗಿ ಕಮ್ಮಿ ಕಾಣುತ್ತೆ, ಪೂರ್ತಿ ಹೋಗಲ್ಲ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕ ಕ್ವೋ ಇಂಜೆಕ್ಷನ್ನನ್ನ 2022ರಲ್ಲಿ ಕಂಪನಿಯೇ ನಿಲ್ಲಿಸ್ತು. ಚರ್ಮ ಕಂದುಗಟ್ಟಿ ಕಲೆ ಉಳೀತಿತ್ತು.

ನಮ್ಮವ್ವ ಕಂಡೋರ ಗದ್ದೇಲಿ ನಾಟಿ ಹಾಕಿದೋಳು. ಸೀರೆ ಎತ್ತಿ ಕಟ್ಟಿದ್ರೆ ಇದೇ ಗುಳಿ ಕಾಣೋವು. ಜಾತಿ, ಬಣ್ಣ ಎಲ್ಲಾ ಹಿಡಿದು ಹೀಯಾಳಿಸಿದ ಗದ್ದೆ ಯಜಮಾನರಿಗೂ ಇದೊಂದು ಐಬು ಅಂತ ಹೊಳೆದಿರಲಿಲ್ಲ! 1968ರಲ್ಲಿ ವೋಗ್ ಪತ್ರಿಕೆ ಅಮೆರಿಕದ ಹೆಂಗಸರಿಗೆ ಈ ಹೆಸರು ಕಲಿಸ್ತು. ನಮ್ಮ ಕಪ್ಪಿಗೆ ಕ್ರೀಮು ಮಾರಿದ ಸಂತೆ ಈಗ ತೊಡೆಗೂ ಬಂದಿದೆ.

ಹಾಂ, ಒಂದು ಕಾಲು ಇದ್ದಕ್ಕಿದ್ದಂಗೆ ಊದಿ, ಕೆಂಪಾಗಿ, ಬಿಸಿಯಾಗಿ ನೋವು ಬಂದ್ರೆ ಅದು ಬೇರೆ. ಸೆಲ್ಯುಲೈಟಿಸ್ ಅನ್ನೋ ಸೋಂಕು ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಜೈ ಭೀಮ್.