ಕೋಟೆಯಿಂದ ಗೋರಟಾಕ್ಕೆ

ಕಲಬುರಗಿ ಕೋಟೆಯ 29 ಅಡಿ ತೋಪು, ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ 1367ರ ಜಾಮಿಯಾ ಮಸೀದಿ, ಎರಡನ್ನೂ ನೋಡಿ ಬೀದರ್ ಕಡೆಯ ರಸ್ತೆ ಹಿಡಿದೆ. ಆರೂವರೆ ಶತಮಾನದಾಚೆಯ ಬಹಮನಿಗಳ ಬಗ್ಗೆ ಕೋಟೆಯಲ್ಲಿ ತಿಳಿಯುವಷ್ಟು, ಅಜ್ಜಂದಿರ ಕಾಲದ 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದರ ಬಗ್ಗೆ ಈ ಹಾದಿಯಲ್ಲಿ ತಿಳಿಯುವುದಿಲ್ಲ. ಆ ವಿಲೀನದ ದಿನವಾದ ಸೆಪ್ಟೆಂಬರ್ 17ಕ್ಕೆ ನಗರದ ಪಟೇಲ್ ಪ್ರತಿಮೆಗೆ ಮಾಲೆ ಬೀಳುತ್ತದೆ. ನಿಜಾಮರ ವಿರುದ್ಧ ಹೋರಾಡಿದ ಮಹಾಗಾಂವದ ಚಂದ್ರಶೇಖರ ಪಾಟೀಲರ ಹೆಸರು ಕ್ರೀಡಾಂಗಣಕ್ಕಿದೆ. ಆಟ ನೋಡಲು ಬರುವವರಲ್ಲಿ ಆ ಹೋರಾಟಗಾರ ಎಷ್ಟು ಜನಕ್ಕೆ ಗೊತ್ತೋ! ಕೆಂಪು ಬಾಳೆಯ ಕಮಲಾಪುರ ದಾಟಿ, ಹುಮನಾಬಾದ್ ಮೇಲೆ ಹಾದು ಹೋದರೆ ಗೋರಟಾ. 1948ರ ಮೇ ತಿಂಗಳಲ್ಲಿ ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರು ಇಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರೆಂದು ಹೇಳುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 103 ಅಡಿ ಧ್ವಜಸ್ತಂಭ ದೂರದಿಂದಲೇ ಕಾಣುತ್ತದೆ. ಅದಕ್ಕೆ ಕೈಮುಗಿಯಬಹುದು. ಆದರೆ ಯಾರು ಸತ್ತರು, ಯಾರು ಎದುರು ನಿಂತರು ಎಂಬುದಕ್ಕೆ ಕಾಗದಪತ್ರವೇ ಬೇಕು, ಅದನ್ನು ಕೂಡಿಡುವ ಮ್ಯೂಸಿಯಂ ಬೇಕು.

ಹೀಗೆ ಕೂಡಿಟ್ಟವರಿದ್ದಾರೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದ ದಂಗೆಯಲ್ಲಿ ಬದುಕುಳಿದವರು ಇತರರೊಡನೆ ಸೇರಿ 1949ರಲ್ಲೇ ಇಸ್ರೇಲಿನಲ್ಲಿ ಮ್ಯೂಸಿಯಂ ಕಟ್ಟಿದರು. ದಂಗೆಗೂ ಮೊದಲೇ ಘೆಟ್ಟೊದೊಳಗೆ ಇತಿಹಾಸಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಗೆಳೆಯರು ದಿನಚರಿ, ಪಡಿತರ ಚೀಟಿಗಳಿಂದ ಹಿಡಿದು ಮಿಠಾಯಿ ಸುತ್ತಿದ ಕಾಗದದವರೆಗೆ ಕೂಡಿಟ್ಟರು. ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ಹೂತರು. 1946 ಮತ್ತು 1950ರಲ್ಲಿ ಅಗೆದಾಗ ಸಿಕ್ಕ ಆ ರಾಶಿಯಲ್ಲಿ ನಾಜಿಗಳ ಕ್ರೌರ್ಯದ ಜೊತೆಗೆ, ತಮ್ಮವರೇ ಆದ ಯಹೂದಿ ಪೊಲೀಸರ ನಡತೆಯೂ ಇದೆ. ತಮ್ಮವರ ಕಳಂಕವನ್ನೂ ಬರೆದಿಟ್ಟ ಸಾಕ್ಷಿಯನ್ನು ಸುಲಭಕ್ಕೆ ತಳ್ಳಿಹಾಕಲಾಗದು. ನಮ್ಮಲ್ಲಿ ಆ ಪರೀಕ್ಷೆ, ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿ. ಸಂಸ್ಥಾನವನ್ನು ವಶಕ್ಕೆ ಪಡೆಯಲು ಭಾರತದ ಸೇನೆ ಸೆಪ್ಟೆಂಬರಿನಲ್ಲಿ ನಡೆಸಿದ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಆ ಬಳಿಕ 27,000ದಿಂದ 40,000 ಜನ ಸತ್ತರೆಂದು ಅದು ಅಂದಾಜಿಸಿತು. ಹೆಚ್ಚಿನವರು ಮುಸ್ಲಿಮರು, ತೀರಾ ನಲುಗಿದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ.

ಈ ವರದಿಯನ್ನೂ ಗೋರಟಾವನ್ನೂ ಮ್ಯೂಸಿಯಂನ ಒಂದೇ ಕೋಣೆಯಲ್ಲಿಟ್ಟರೆ ಹುತಾತ್ಮರ ತೂಕ ಇಳಿಯುತ್ತದೆ ಎನ್ನುವವರಿದ್ದಾರೆ. ಮೇ ತಿಂಗಳ ಕೊಲೆ ಸೆಪ್ಟೆಂಬರಿನ ಕೊಲೆಗೆ ಸಮರ್ಥನೆಯಲ್ಲ, ಸೆಪ್ಟೆಂಬರಿನದು ಮೇ ತಿಂಗಳದ್ದನ್ನು ಅಳಿಸುವುದೂ ಇಲ್ಲ. ಭಾರತದೊಡನೆ ವಿಲೀನವಾಗಬೇಕೆಂದು ಬರೆದ ‘ಇಮ್ರೋಜ್’ ಸಂಪಾದಕ ಶೋಯಬುಲ್ಲಾ ಖಾನ್‌ರನ್ನು ಹೈದರಾಬಾದಿನಲ್ಲಿ ಕಡಿದು ಕೊಂದದ್ದು 1948ರ ಆಗಸ್ಟ್‌ನಲ್ಲಿ. ಅವರನ್ನು ಯಾವ ಬಣದ ಲೆಕ್ಕಕ್ಕೆ ಹಾಕೋಣ? ಯಹೂದಿಗಳ ನರಮೇಧಕ್ಕೆ 1948ರ ಕೊಲೆಗಳನ್ನು ಹೋಲಿಸುವುದೇ ಅತಿಯಾಯಿತು ಎಂಬ ಆಕ್ಷೇಪ ಮಾತ್ರ ಸರಿಯೇ. ಕಲಿಯಬೇಕಾದದ್ದು ಅವರ ಕೂಡಿಡುವ ಕ್ರಮವನ್ನು, ಸಾವಿನ ಅಳತೆಯನ್ನಲ್ಲ. ಹಳೇ ಗಾಯ ಕೆದಕಬೇಡಿ ಎನ್ನುವ ಮಾತೂ ಇದೆ. ಭಾಷಣಗಳಲ್ಲಿ ಅದನ್ನು ವರ್ಷವರ್ಷವೂ ಕೆದಕುತ್ತಲೇ ಇದ್ದೇವಲ್ಲ, ದಾಖಲೆ ಇಲ್ಲದೆ. ಮ್ಯೂಸಿಯಂಗೆ ಜಾಗ ದೊಡ್ಡ ಮಾತಲ್ಲ: ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಬಹಮನಿ ಗುಮ್ಮಟಗಳಲ್ಲೇ ನಡೆಯುತ್ತಿದೆ. ಮೊದಲು ಒಟ್ಟುಮಾಡಬೇಕಾದದ್ದು ಗಡಿಯಾಚೆಯಿಂದ ನಿಜಾಮರ ವಿರುದ್ಧ ಹೋರಾಡಿದ ಮುಂಡರಗಿಯಂಥ ಶಿಬಿರಗಳ ಪತ್ರಗಳು, ಹೋರಾಟಗಾರರು ಪಿಂಚಣಿಗೆ ಹಾಕಿದ ಅರ್ಜಿಗಳು, ಊರು ಬಿಟ್ಟು ಹೋದ ಕುಟುಂಬಗಳ ಹೇಳಿಕೆಗಳು.